ಬೆಂಕಿಯೊಡನೆ ಸೆಣಸುವವರ ಸಹಪಯಣ



ಮೋಟಾರ್ ಸೈಕಲ್ ಸವಾರರ ಸಂಘವೆಂದರೆ ನಮ್ಮ ಮನೆಗಳ ಹಿರಿಯರಿಗೆ ಅಷ್ಟಾಗಿ ರುಚಿಸುವ ಮಾತಲ್ಲ. ಹರೆಯದ ಹುಡುಗರು ಗದ್ದಲವೆಬ್ಬಿಸುತ್ತ ಹೆದ್ದಾರಿಯಲ್ಲಿ ಹಾರುವುದು, ತಾಯಂದಿರು ಸರಿರಾತ್ರಿಯವರೆಗೆ ಬಾಗಿಲ ಕಡೆಗೆ ಕಣ್ಣು ನೆಟ್ಟು ಕುಳಿತಿರುವುದು ಇವೇ ಮನಸ್ಸಿಗೆ ಬರುತ್ತವೆ. ಅಮೆರಿಕದಲ್ಲಿಯೂ ಇಂಥ ಸಂಘಗಳಿಗೆ ಬಹುಕಾಲ ಒಳ್ಳೆಯ ಹೆಸರಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಸಣ್ಣ ಊರಿನಲ್ಲಿ ನೆರೆದ ಸವಾರರ ಮೇಳ ರಂಪಾಟಕ್ಕೆ ತಿರುಗಿತು. ಪತ್ರಿಕೆಗಳು ಅದನ್ನು ಇನ್ನಷ್ಟು ಹಿಗ್ಗಿಸಿ ಬರೆದವು. ಚರ್ಮದ ಅಂಗಿಯ ಸವಾರನೆಂದರೆ ಪುಂಡನೆಂಬ ಭಾವನೆ ಅಂದಿನಿಂದ ಆ ದೇಶದ ಮನಸ್ಸಿನಲ್ಲಿ ಬೇರೂರಿತು. ಅದೇ ದೇಶದಲ್ಲಿ, ಅದೇ ಬಗೆಯ ಅಂಗಿ ತೊಟ್ಟು, ಅಗ್ನಿಶಾಮಕ ದಳದವರೂ ಆಂಬುಲೆನ್ಸ್ ಸಿಬ್ಬಂದಿಯೂ ಕಟ್ಟಿಕೊಂಡಿರುವ ಸಂಘಗಳ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ನಮಗೆ ಅನಿಸಿದ್ದಕ್ಕೆ ಕಾರಣವಿದೆ. ಅಂಥದೊಂದು ಸಂಘದಲ್ಲಿ ನಮ್ಮ ಅಳಿಯಂದಿರು ಸದಸ್ಯರು. 2023ರ ಬೇಸಿಗೆಯಲ್ಲಿ ನಾವು ದಂಪತಿಗಳು ಐದು ತಿಂಗಳು ಮಗಳ ಮನೆಯಲ್ಲಿದ್ದು ಆ ಸಂಘದ ನಡೆನುಡಿಗಳನ್ನು ಹತ್ತಿರದಿಂದ ನೋಡಿದೆವು.

ಮಗಳ ಮನೆ ಇರುವುದು ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದ ಬಳಿಯ ಚಿಕ್ಕ ಊರಿನಲ್ಲಿ. ಅಳಿಯಂದಿರ ವೃತ್ತಿ ಕಂಪ್ಯೂಟರಿನದು. ಆದರೆ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಅವರು ಕರೆ ಬಂದಾಗ ಹೋಗುವ ಸಿಬ್ಬಂದಿಯಲ್ಲಿ ಒಬ್ಬರು. ಸೊಂಟದ ಮೇಲಿನ ಪೇಜರ್ ಕೂಗಿದೊಡನೆ ಕೈಯಲ್ಲಿಯ ತುತ್ತನ್ನೂ ಬಿಟ್ಟು ಏಳುವರು. ಇದು ನಮಗೆ ಹೊಸತು, ಅಲ್ಲಿಯವರಿಗೆ ಸಹಜ. ಅಮೆರಿಕದ ಬೆಂಕಿ ಆರಿಸುವವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಂದಿ ಪೂರ್ಣಕಾಲದ ನೌಕರರಲ್ಲ, ಸ್ವಯಂಸೇವಕರು. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ನೆರೆಹೊರೆಯವರನ್ನು ಕೂಡಿಸಿ ಇಂಥದೊಂದು ದಳ ಕಟ್ಟಿದ್ದನು. ಪ್ರತಿಯೊಬ್ಬ ಸದಸ್ಯನೂ ತನ್ನ ಮನೆಯಲ್ಲಿ ಚರ್ಮದ ಬಕೆಟ್ಟುಗಳನ್ನೂ, ಸಾಮಾನು ಸಾಗಿಸಲು ಗಟ್ಟಿ ಚೀಲಗಳನ್ನೂ ಸಿದ್ಧವಾಗಿಡಬೇಕಿತ್ತು. ನಮಗೆ ಹಿಡಿಸಿದ್ದು ಬೇರೊಂದು ಸಂಗತಿ. ಆ ದಳದವರು ತಿಂಗಳಿಗೊಮ್ಮೆ ಕೂಡಿ, ಬೆಂಕಿಯ ವಿಷಯ ಮಾತನಾಡುತ್ತ ಸಂಜೆಯನ್ನು ಒಟ್ಟಿಗೆ ಕಳೆಯುತ್ತಿದ್ದರು, ಬಾರದವನಿಗೆ ದಂಡ, ದಂಡದ ಹಣದಿಂದ ಏಣಿ, ಕೊಕ್ಕೆ, ನೀರೆತ್ತುವ ಯಂತ್ರಗಳ ಖರೀದಿ! ಕೂಡಿ ಕೂಡದವರು ಕೂಡಿ ದುಡಿಯಲಾರರೆಂಬುದನ್ನು ಅವನು ಆಗಲೇ ಅರಿತಿದ್ದನು.

ಅಳಿಯಂದಿರು ದಳ ಸೇರುವಾಗ ನಮ್ಮ ಮನೆಯವರಿಗೆ ಇದ್ದ ಮೊದಲ ಚಿಂತೆ ಬೆಂಕಿಯದಲ್ಲ, ಇಷ್ಟಲಿಂಗದ್ದು. ಠಾಣೆಗೆ ಹೋಗುವಾಗ ಕೊರಳಲ್ಲಿಯದನ್ನು ತೆಗೆದಿಡಬೇಕೆಂದರೆ ಏನು ಗತಿ? ಬೆಳ್ಳಿಯ ಕರಡಿಗೆಗೆ ಕಾವು ಬೇಗನೆ ಏರುವುದು. ಬೆಂಕಿಯ ಎದುರಿನಲ್ಲಿ ಅದು ಎದೆಯನ್ನೇ ಸುಡಬಹುದು. ಕೊನೆಗೆ ಕರಡಿಗೆಯನ್ನು ಪೂಜೆಯ ಕೋಣೆಯಲ್ಲಿ ಬಿಟ್ಟು, ಲಿಂಗವನ್ನು ಹತ್ತಿಯ ಮಡಿವಸ್ತ್ರದಲ್ಲಿ ಸುತ್ತಿ ಒಳಅಂಗಿಯೊಳಗೆ ಧರಿಸುವುದೆಂದು ತೀರ್ಮಾನವಾಯಿತು. ಠಾಣೆಯ ಮುಖ್ಯಸ್ಥರು ಒಮ್ಮೆ ಕೇಳಿದರಂತೆ, ಇವರು ಹೇಳಿದರಂತೆ. ಅಲ್ಲಿಗೆ ಮಾತು ಮುಗಿಯಿತು. ಅಲ್ಲಿಯ ಹಲವರ ಕೊರಳಲ್ಲಿ ಶಿಲುಬೆಯೋ, ಬೆಂಕಿ ಆರಿಸುವವರ ರಕ್ಷಕನೆಂದು ಕ್ರೈಸ್ತರು ನಂಬಿರುವ ಸಂತ ಫ್ಲೋರಿಯನ್ನನ ಪದಕವೋ ಇರುತ್ತದೆ. ಬೆಂಕಿಯೊಳಗೆ ನುಗ್ಗುವವನ ಎದೆಯ ಮೇಲೆ ಏನಿದೆಯೆಂದು ಅಲ್ಲಿ ಯಾರೂ ತರ್ಕ ಮಾಡುವುದಿಲ್ಲ.

ಇನ್ನು ಸಂಘದ ವಿಷಯ. ಅಗ್ನಿಶಾಮಕರ ಮೋಟಾರ್ ಸೈಕಲ್ ಸಂಘಗಳಲ್ಲಿ ಹೆಸರಾದದ್ದು ‘ರೆಡ್ ನೈಟ್ಸ್’. ಅದು 1982ರಲ್ಲಿ ಇದೇ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, ಈಗ ಹಲವು ದೇಶಗಳಲ್ಲಿ ಶಾಖೆಗಳನ್ನು ಹೊಂದಿದೆ. ನಮ್ಮ ಅಳಿಯಂದಿರು ಸೇರಿದ್ದು ಅದಲ್ಲ; ಸುತ್ತಲಿನ ಕೆಲವು ಊರುಗಳ ಐವತ್ತು ಅರವತ್ತು ಮಂದಿಯ ಚಿಕ್ಕದೊಂದು ಕೂಟ. ಅದರಲ್ಲಿ ಆಂಬುಲೆನ್ಸಿನವರಿಗೂ, ತುರ್ತು ಚಿಕಿತ್ಸಾ ಕೋಣೆಯ ದಾದಿಯರಿಗೂ, 911ಕ್ಕೆ ಬರುವ ಕರೆಗಳನ್ನು ಕೇಳಿಸಿಕೊಳ್ಳುವವರಿಗೂ ಪ್ರವೇಶವುಂಟು. ಈ ಕೊನೆಯವರನ್ನು ಸೇರಿಸಿಕೊಂಡದ್ದು ನಮಗೆ ಬಹಳ ಮೆಚ್ಚುಗೆಯಾಯಿತು. ಬೆಂಕಿಗೆ ಹೋದವನು ಕೊನೆಗೆ ಏನಾಯಿತೆಂದು ಕಣ್ಣಾರೆ ಕಂಡಾನು. ಕತ್ತಲೆಯ ಕೋಣೆಯಲ್ಲಿ ಕುಳಿತು ಒಬ್ಬ ತಾಯಿಯ ಚೀತ್ಕಾರವನ್ನು ಕೇಳಿದಾಕೆಗೆ, ಫೋನು ಇಟ್ಟ ಮೇಲೆ ಆ ಮಗು ಬದುಕಿತೋ ಇಲ್ಲವೋ ಎಷ್ಟೋ ಸಲ ತಿಳಿಯುವುದೇ ಇಲ್ಲ.

ಸಂಘದಲ್ಲಿ ಠಾಣೆಯ ಪದವಿಗಳು ನಡೆಯುವುದಿಲ್ಲ. ನಿವೃತ್ತ ಮುಖ್ಯಾಧಿಕಾರಿಯೂ ನಿನ್ನೆ ಸೇರಿದ ಹುಡುಗನೂ ಸರದಿಯಂತೆ ಪಾತ್ರೆ ತೊಳೆಯಬೇಕು. ಯಾರ ಊರು, ಯಾರ ಕುಲ ಎಂಬ ಪ್ರಶ್ನೆಯಿಲ್ಲ. ಯಾವ ಕೆಲಸ ಎಂಬುದೊಂದೇ ಪ್ರಶ್ನೆ. ಕಾಯಕದ ಹೆಸರನ್ನೇ ತಮ್ಮ ಹೆಸರಿನ ಹಿಂದೆ ಹೊತ್ತು ಕಲ್ಯಾಣಕ್ಕೆ ಬಂದ ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯನವರ ಸಂಗತಿಯನ್ನು ಒಂದು ಸಂಜೆ ಅವರ ಮುಂದೆ ನಾವು ನಮ್ಮ ಹರಕು ಇಂಗ್ಲಿಷಿನಲ್ಲಿ ಹೇಳಿದೆವು. ಅವರು ಆಸಕ್ತಿಯಿಂದ ಕೇಳಿದರು. ಹಗ್ಗ ಹೊಸೆಯುವ ಶರಣರು ಯಾರೆಂದು ಒಬ್ಬರು ಮತ್ತೆ ಕೇಳಿ ತಿಳಿದುಕೊಂಡರು. ಏಣಿ ವಾಹನದ ಸಿಬ್ಬಂದಿಗೆ ಹಗ್ಗವೆಂದರೆ ಪ್ರಾಣವಷ್ಟೆ.

ಸವಾರಿಯ ಶಿಸ್ತನ್ನು ನೋಡಿಯೇ ತಿಳಿಯಬೇಕು. ಇಪ್ಪತ್ತು ಮೂವತ್ತು ಗಾಡಿಗಳು ಹೊರಟರೆ ಮುಂದೆ ಒಬ್ಬ ದಾರಿಯ ನಾಯಕ, ಹಿಂದೆ ಒಬ್ಬ ಕಡೆಗಾವಲಿನವನು. ನಡುವಿನವರು ಜೋಡಿಯಾಗಿ ಸಾಗುವಂತಿಲ್ಲ. ಒಬ್ಬನು ಎಡಕ್ಕೆ, ಅವನ ಹಿಂದಿನವನು ಬಲಕ್ಕೆ, ಹೀಗೆ ಹೆಣಿಗೆಯಂತೆ. ಓರೆಯಾಗಿ ಮುಂದಿರುವವನಿಗೂ ತನಗೂ ಒಂದು ಸೆಕೆಂಡಿನ ಅಂತರ, ನೇರ ಮುಂದಿರುವವನಿಗೂ ತನಗೂ ಎರಡು ಸೆಕೆಂಡಿನ ಅಂತರ. ರಸ್ತೆಯಲ್ಲಿ ಗುಂಡಿ ಕಂಡರೆ ಮುಂದಿನವನು ಕೈಯಿಂದಲೋ ಕಾಲಿನಿಂದಲೋ ತೋರಿಸುವನು. ಆ ಸನ್ನೆ ಒಬ್ಬರಿಂದೊಬ್ಬರಿಗೆ ಹಾಯುತ್ತ ಕೊನೆಯವನನ್ನು ಮುಟ್ಟುವುದು. ಹೊಸಬನನ್ನು ನಾಯಕನ ಬೆನ್ನಿಗೇ ಇರಿಸುತ್ತಾರೆ, ಅವನ ವೇಗವೇ ಎಲ್ಲರ ವೇಗ. ಯುಗಾದಿಯ ಮುನ್ನ ನಮ್ಮ ಕಡೆಯ ಹಳ್ಳಿಗಳಿಂದ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರನ್ನು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯೂ ಕಾಲು ಬೊಬ್ಬೆಯೆದ್ದವನೇ ಗುಂಪಿನ ನಡಿಗೆಯನ್ನು ನಿಶ್ಚಯಿಸುವನಲ್ಲವೆ?

ಮ್ಯಾಸಚೂಸೆಟ್ಸ್‌ನಲ್ಲಿ ಹೆಲ್ಮೆಟ್ ಕಡ್ಡಾಯ. ಉತ್ತರಕ್ಕೆ ಗಡಿ ದಾಟಿ ನ್ಯೂ ಹ್ಯಾಂಪ್‌ಶೈರ್ ಹೊಕ್ಕರೆ ವಯಸ್ಕರಿಗೆ ಆ ಕಾನೂನಿಲ್ಲ. ಗಡಿ ದಾಟಿದೊಡನೆ ಹೆಲ್ಮೆಟ್ ಕಳಚಿ ಹಿಂದಕ್ಕೆ ಕಟ್ಟಿಕೊಳ್ಳುವ ಸವಾರರನ್ನು ನಾವೇ ಕಂಡಿದ್ದೇವೆ. ಈ ಸಂಘದಲ್ಲಿ ಅದಕ್ಕೆ ಅವಕಾಶವಿಲ್ಲ. ರಸ್ತೆಯ ಮೇಲಿನ ತಲೆಗಳನ್ನು ಎತ್ತಿ ಬಂದವರಿಗೆ ಕಾನೂನಿನ ಉಪದೇಶ ಏಕೆ?

ಇಷ್ಟೆಲ್ಲ ಎಚ್ಚರವಿದ್ದರೂ ಅಪಾಯ ತಪ್ಪದು. 2019ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರಿನ ರ‍್ಯಾಂಡಾಲ್ಫ್ ಎಂಬಲ್ಲಿ, ಮರೀನ್ ಪಡೆಯ ಮಾಜಿ ಯೋಧರ ಮತ್ತು ಅವರ ಕುಟುಂಬದವರ ಸವಾರಿ ಸಂಘವೊಂದಕ್ಕೆ ಟ್ರೇಲರ್ ಎಳೆಯುತ್ತಿದ್ದ ಟ್ರಕ್ಕು ಡಿಕ್ಕಿಯಾಗಿ ಏಳು ಜನ ಪ್ರಾಣ ಬಿಟ್ಟರು. ಮರುದಿನ ಬೆಳಗಿನ ಜಾವ ಮಗಳ ಫೋನು. “ಅಪ್ಪಾಜಿ, ಇವರಿಗೆ ನೀವೊಂದು ಮಾತು ಹೇಳಿರಿ. ಬೆಂಕಿಗೆ ಹೋಗುವುದು ಸಾಲದೆ ಇದೊಂದು ಬೇರೆ ಬೇಕೆ? ಗಾಡಿ ಮಾರಿಬಿಡಲಿ” ಎಂದಳು. ಅಳಿಯಂದಿರಿಗೆ ಆಜ್ಞೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಮಗಳ ಅಂಜಿಕೆ ಸುಳ್ಳೆನ್ನುವಂತೆಯೂ ಇರಲಿಲ್ಲ. “ನಿನ್ನ ಸಂಕಟವನ್ನು ಆ ಸಂಘದ ಹಿರಿಯರ ಮುಂದೆಯೇ ಇಡು, ಏನೆನ್ನುತ್ತಾರೆ ನೋಡು” ಎಂದಷ್ಟೇ ಹೇಳಿದೆವು.

ಸಂಘದ ಹಿರಿಯರು, ಮೂವತ್ತು ವರ್ಷ ಸೇವೆ ಮಾಡಿ ನಿವೃತ್ತರಾದವರು, ತಮ್ಮ ಪತ್ನಿಯೊಡನೆ ಮನೆಗೆ ಬಂದರು. ವಾದ ಹೂಡಲಿಲ್ಲ. “ಮನೆಯವರಿಗೆ ಬೇಡವಾದರೆ ಗಾಡಿ ಬೇಡ. ಅವನು ಕಾರಿನಲ್ಲಿ ಬರಲಿ, ಸದಸ್ಯತ್ವಕ್ಕೆ ಅದರಿಂದ ಏನೂ ಕುಂದಿಲ್ಲ” ಎಂದರು. ಮುಂದೆ ಎರಡು ವರ್ಷದ ಹತ್ತಿರ ಅಳಿಯಂದಿರು ಸಭೆಗಳಿಗೆ ಕಾರಿನಲ್ಲಿಯೇ ಹೋದರು. ಸವಾರಿಯ ದಿನ ಹಿಂದಿನಿಂದ ನೀರು, ಔಷಧಿ ಪೆಟ್ಟಿಗೆ, ಪಂಕ್ಚರ್ ಸಾಮಾನು ಹೊತ್ತು ಸಾಗಿದರು. ಯಾರೂ ಅವರನ್ನು ಗೇಲಿ ಮಾಡಲಿಲ್ಲವೆಂಬುದನ್ನು ಮಗಳು ಗಮನಿಸಿಕೊಂಡಿದ್ದಳು. 2020ರ ಕೊರೋನಾ ಕಾಲದಲ್ಲಿ ಸಾಮೂಹಿಕ ಸವಾರಿಗಳೆಲ್ಲ ನಿಂತವು. ಆಂಬುಲೆನ್ಸಿನವರು ಮನೆಯ ಮಕ್ಕಳನ್ನು ಮುಟ್ಟಲು ಹೆದರಿ ಗ್ಯಾರೇಜಿನಲ್ಲಿ ಮಲಗುತ್ತಿದ್ದ ದಿನಗಳವು. ಸಂಘದವರು ಪಾಳಿ ಹಾಕಿಕೊಂಡು ಅವರ ಮನೆಗಳಿಗೆ ದಿನಸಿ ತಲುಪಿಸಿದರು. ಹುಟ್ಟುಹಬ್ಬಕ್ಕೆ ಗೆಳೆಯರಿಲ್ಲದೆ ಅಳುವ ಮಕ್ಕಳ ಮನೆಯ ಮುಂದೆ ನಾಲ್ಕೈದು ಗಾಡಿಗಳು ದೂರದೂರ ಸಾಲಾಗಿ ಹಾರ್ನ್ ಬಾರಿಸುತ್ತ ಹಾದುಹೋದವು. ನಮ್ಮ ಮೊಮ್ಮಗಳ ಏಳನೆಯ ಹುಟ್ಟುಹಬ್ಬಕ್ಕೂ ಬಂದವಂತೆ. 2021ರ ವಸಂತದಲ್ಲಿ ಮಗಳೇ ಗಾಡಿಯ ಮೇಲಿನ ಹೊದಿಕೆ ತೆಗೆದು, “ಧೂಳು ಹಿಡಿದಿದೆ, ಒರೆಸಿಕೊಳ್ಳಿರಿ” ಎಂದಳು.

ಅದೇ ವರ್ಷ ಅಕ್ಟೋಬರಿನಲ್ಲಿ ನಡೆದದ್ದನ್ನು ನಾವು ಅಳಿಯಂದಿರ ಬಾಯಿಂದಲೇ ಕೇಳಿದೆವು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಹೆದ್ದಾರಿಯಲ್ಲಿ ನುಜ್ಜಾದ ಕಾರಿನಿಂದ ಒಂದು ಮಗುವನ್ನು ಅವರು ಬಿಡಿಸಿ ತಂದರು. ಮಗು ಉಳಿಯಲಿಲ್ಲ. ತಮ್ಮ ಮಗಳ ವಯಸ್ಸಿನದೇ. ಮನೆಗೆ ಬಂದು ಕೈ ತೊಳೆದುಕೊಂಡರು, ಮತ್ತೆ ತೊಳೆದುಕೊಂಡರು. ಹತ್ತು ಹನ್ನೆರಡು ದಿನ ಅವರ ಬಾಯಿಂದ ಹೌದು, ಇಲ್ಲ ಎಂಬೆರಡು ಮಾತಲ್ಲದೆ ಬೇರೆ ಹೊರಡಲಿಲ್ಲ. ಬೆಳಗಿನ ಲಿಂಗಪೂಜೆಗೆ ಕುಳಿತರೆ ಅಂಗೈ ನಡುಗುತ್ತಿತ್ತೆಂದು ಹೇಳುವಾಗ ಅವರ ಕಣ್ಣು ತುಂಬಿತು.

ಒಂದು ಭಾನುವಾರ ಆ ಹಿರಿಯರು ಮನೆಯ ಮುಂದೆ ಗಾಡಿ ನಿಲ್ಲಿಸಿ, “ಹೊರಡು” ಎಂದರಂತೆ. ಎಲ್ಲಿಗೆಂದು ಇವರು ಕೇಳಲಿಲ್ಲ. ಮೇಪಲ್ ಮರಗಳು ಕೆಂಪೇರುವ ಕಾಲ. ನಲವತ್ತು ಮೈಲಿ ಸಾಗಿ, ಒಂದು ಸರೋವರದ ದಂಡೆಯಲ್ಲಿ ಕಾಫಿ ಕುಡಿದು, ಹಿಂದಿರುಗಿದರು. ಮಾತಿಲ್ಲ. ಮುಂದಿನ ಭಾನುವಾರವೂ ಹಾಗೆಯೇ. ಮೂರನೆಯ ಸಲ ಅದೇ ದಂಡೆಯಲ್ಲಿ ಅಳಿಯಂದಿರು ತಾವಾಗಿ ಬಾಯಿ ತೆರೆದರು. ಹಿರಿಯರು ಸಮಾಧಾನ ಹೇಳಲಿಲ್ಲ. 1980ರ ದಶಕದಲ್ಲಿ ತಾವು ಹೊತ್ತು ತಂದ ಒಂದು ಮಗುವಿನ ಶರ್ಟಿನ ಬಣ್ಣ ಹೇಳಿದರು. ಅಷ್ಟು ವರ್ಷಗಳ ನಂತರವೂ ಬಣ್ಣ ನೆನಪಿನಲ್ಲಿತ್ತು. ಆ ಬಳಿಕ ಅವರೇ ಇವರನ್ನು ಸಿಬ್ಬಂದಿಗೆಂದೇ ಇರುವ ಮನೋವೈದ್ಯರ ಬಳಿಗೆ ಕರೆದೊಯ್ದು, ಹೊರಗೆ ಬೆಂಚಿನ ಮೇಲೆ ಕುಳಿತು ಕಾದರು.

ಮೋಟಾರ್ ಸೈಕಲ್ಲಿಗೂ ಇದಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನಾವೂ ಕೇಳಿದೆವು. ಅಳಿಯಂದಿರು ಕೊಟ್ಟ ಉತ್ತರ ಹೀಗಿತ್ತು: ಎದುರುಬದುರು ಕುಳಿತರೆ ಏನಾದರೂ ಹೇಳಲೇಬೇಕಾಗುತ್ತದೆ, ಸವಾರಿಯಲ್ಲಿ ಹೆಲ್ಮೆಟ್ಟಿನೊಳಗೆ ಅಳಬಹುದು, ಯಾರೂ ನೋಡುವುದಿಲ್ಲ, ಆದರೂ ಕನ್ನಡಿಯಲ್ಲಿ ಹಿಂದೆ ಒಬ್ಬರು ಬರುತ್ತಿರುವುದು ಕಾಣುತ್ತಿರುತ್ತದೆ.

ಇದು ಒಬ್ಬರ ದೌರ್ಬಲ್ಯದ ಕಥೆಯಲ್ಲವೆಂಬುದಕ್ಕೆ ಅಂಕಿಗಳೇ ಸಾಕ್ಷಿ. ಬಾಸ್ಟನ್ ಭಾಗದ ರುಡರ್‌ಮನ್ ಕುಟುಂಬ ಪ್ರತಿಷ್ಠಾನ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2017ರಲ್ಲಿ ಅಮೆರಿಕದಲ್ಲಿ ಕರ್ತವ್ಯದಲ್ಲಿ ಮಡಿದ ಅಗ್ನಿಶಾಮಕರು 93. ಅದೇ ವರ್ಷ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರು ಕಡಿಮೆಯೆಂದರೂ 103. ಬೆಂಕಿಗಿಂತ ಬೆಂಕಿಯ ನೆನಪೇ ಹೆಚ್ಚು ಜನರನ್ನು ಕೊಂಡಿತು. ನಮ್ಮ ನಾಡಿನ ದಳಗಳಲ್ಲಿ ಇಂಥ ಲೆಕ್ಕವನ್ನು ಇಟ್ಟು, ಮನಬಿಚ್ಚಿ ಮಾತನಾಡುವ ರೂಢಿ ಬರಬೇಕೆಂಬುದು ನಮ್ಮ ಆಸೆ.

ವೂಸ್ಟರ್ ನಗರದವರಿಗೆ ಈ ನೋವು ಬೇರೆಯವರು ಹೇಳಿ ತಿಳಿಯಬೇಕಾದದ್ದಲ್ಲ. 1999ರ ಡಿಸೆಂಬರ್ 3ರ ಸಂಜೆ ಅಲ್ಲಿಯ ಹಳೆಯ ಶೀತಲ ಉಗ್ರಾಣವೊಂದಕ್ಕೆ ಬೆಂಕಿ ಬಿತ್ತು. ಕಿಟಕಿಗಳಿಲ್ಲದ ದಪ್ಪ ಗೋಡೆಯ ಕಟ್ಟಡ. ಮನೆಯಿಲ್ಲದ ಕೆಲವರು ಒಳಗಿರಬಹುದೆಂಬ ಸುದ್ದಿಯಿಂದ ಇಬ್ಬರು ಹುಡುಕಲು ಹೋಗಿ ಹೊಗೆಯಲ್ಲಿ ದಾರಿ ತಪ್ಪಿದರು. ಅವರನ್ನು ಹುಡುಕಲು ಹೋದವರಲ್ಲಿ ನಾಲ್ವರು ಮರಳಲಿಲ್ಲ. ಯಾರಿಗಾಗಿ ಒಳಹೊಕ್ಕರೋ ಅವರು ಮೊದಲೇ ಹೊರಬಿದ್ದಿದ್ದರು. ಆರು ಮಂದಿಯ ಸ್ಮರಣಸಭೆಗೆ ಅಧ್ಯಕ್ಷ ಕ್ಲಿಂಟನ್ನರೂ, ದೇಶವಿದೇಶಗಳ ಸಾವಿರಾರು ಅಗ್ನಿಶಾಮಕರೂ ಬಂದಿದ್ದರು. ಅದೇ ಸ್ಥಳದಲ್ಲಿ 2008ರಲ್ಲಿ ಹೊಸ ಅಗ್ನಿಶಾಮಕ ಠಾಣೆ ತೆರೆಯಿತು. ಅಲ್ಲಿಯ ಸ್ಮಾರಕದ ಮುಂದೆ ನಾವೂ ಒಂದು ಗಳಿಗೆ ಕೈಮುಗಿದು ನಿಂತೆವು. ಎರಡೇ ವರ್ಷಗಳ ನಂತರ, 2001ರ ಸೆಪ್ಟೆಂಬರ್ 11ರಂದು, ನ್ಯೂಯಾರ್ಕ್ ನಗರದ ದಳದವರು 343 ಜನ ಒಂದೇ ದಿನ ಮಡಿದರು.

ಮೃತರ ಮನೆಗಳೊಡನೆ ಸಂಘದ ನಂಟು ಮಣ್ಣಿನೊಡನೆ ಮುಗಿಯುವುದಿಲ್ಲ. ಅಂತ್ಯಸಂಸ್ಕಾರದ ದಿನ ತಂತಿ ಸಂಕೇತಗಳ ಕಾಲದಿಂದ ಬಂದ ರೂಢಿಯಂತೆ ಐದೈದು ಪೆಟ್ಟಾಗಿ ಗಂಟೆ ಬಾರಿಸುವುದುಂಟು. ರೇಡಿಯೋದಲ್ಲಿ ಮೃತನ ಹೆಸರು ಕರೆದು ಉತ್ತರಕ್ಕಾಗಿ ಕಾಯುವುದೂ ಉಂಟು. ಆ ಮೌನವನ್ನು ಕೇಳಿದವರು ಮರೆಯಲಾರರೆಂದು ಮಗಳು ಹೇಳಿದಳು. ನಾವು ಮೆಚ್ಚಿದ್ದು ಅದರ ನಂತರದ್ದನ್ನು. ಒಬ್ಬ ವಿಧವೆಯ ಅಂಗಳದ ಹಿಮವನ್ನು ಸಂಘದವರು ಹನ್ನೊಂದು ಚಳಿಗಾಲಗಳಿಂದ ಸರದಿಯಲ್ಲಿ ತೆಗೆಯುತ್ತಿದ್ದಾರೆ. ಆಕೆ ಮುಂಜಾನೆ ಎದ್ದು ನೋಡುವಷ್ಟರಲ್ಲಿ ದಾರಿ ಸ್ವಚ್ಛವಾಗಿರುತ್ತದೆ. ಯಾರು ಬಂದು ಹೋದರೆಂದು ಆಕೆಗೆ ತಿಳಿಯದು, ಅವರು ಹೇಳುವುದೂ ಇಲ್ಲ.

ಹಣ ಕೂಡಿಸುವ ಸವಾರಿಗಳೂ ನಡೆಯುತ್ತವೆ. ಡಿಸೆಂಬರಿನ ಮುನ್ನ ಗಾಡಿಗಳ ಹಿಂದೆ ಗೊಂಬೆ, ಚೆಂಡುಗಳನ್ನು ಕಟ್ಟಿಕೊಂಡು ಆಸ್ಪತ್ರೆಯ ಮಕ್ಕಳಿಗೆ ಒಯ್ಯುವರು. ಸುಟ್ಟಗಾಯಗಳಿಂದ ಬಳಲುವ ಮಕ್ಕಳ ಬೇಸಿಗೆ ಶಿಬಿರಕ್ಕೆ ನೆರವಾಗುವರು. ಒಳ್ಳೆಯದೇ. ಆದರೆ ಮನಸ್ಸಿನಲ್ಲಿದ್ದುದನ್ನು ಮುಚ್ಚಿಡದೆ ಹೇಳುವುದಾದರೆ, ಒಂದೊಂದು ಗಾಡಿಗೆ ಅವರು ತೆರುವ ಬೆಲೆಯಲ್ಲಿ ನಮ್ಮೂರಿನಲ್ಲಿ ಒಂದು ಸಣ್ಣ ಮನೆಯ ತಳಪಾಯವೇ ಏಳುವುದು. ಸದ್ದನ್ನಂತೂ ಕೇಳಬೇಡಿರಿ. ಹೆಂಗಸರು ಸವಾರರಾಗಿರುವುದು ಕಡಿಮೆ. ಹಿಂದೆ ಕುಳಿತುಕೊಳ್ಳುವವರೇ ಹೆಚ್ಚು. ಇದನ್ನು ನಮ್ಮ ಮನೆಯವರು ಸಭೆಯಲ್ಲಿಯೇ ಎತ್ತಿ ಕೇಳಿದಾಗ, ಗಾಡಿ ಓಡಿಸುವ ಒಬ್ಬ ದಾದಿ ಎದ್ದು ಬಂದು ಅವರ ಕೈ ಕುಲುಕಿದಳು.

ಊಟದ ಮಾತು ಬಿಟ್ಟರೆ ನಮ್ಮ ಹೆಣ್ಣುಮಕ್ಕಳು ಕ್ಷಮಿಸಲಾರರು. ಸಂಘದ ಬೇಸಿಗೆಯ ಊಟವೆಂದರೆ ಕೆಂಡದ ಮೇಲೆ ಮಾಂಸ ಬೇಯಿಸುವುದು. ಬಾಸ್ಟನ್ನಿನ ಹೆಸರಾಂತ ಹುರುಳಿ ಪಲ್ಯದಲ್ಲಿಯೂ ಹಂದಿಯ ತುಣುಕು ಬೀಳುತ್ತದೆ. ನಮ್ಮವರಿಗಾಗಿ ಬೇರೊಂದು ಪಾತ್ರೆ, ಬೇರೊಂದು ಸೌಟು, ಬೇರೊಂದು ಒಲೆ ಇಟ್ಟು, ಅದರ ಬಳಿ ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ ಬರೆದಿದ್ದರು. ನಾವೇನೂ ಕೇಳಿಕೊಂಡಿರಲಿಲ್ಲ. ಮಗಳು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆಂಪು ಖಾರ ಮಾಡಿ ಒಯ್ದಿದ್ದಳು. ಕೆಂಪು ಖಾರವನ್ನು ಚಮಚೆಯಲ್ಲಿ ತೆಗೆದು ಬಾಯಿಗಿಟ್ಟ ಆರಡಿ ಎತ್ತರದ ಅಗ್ನಿಶಾಮಕ ಮಹಾಶಯನೊಬ್ಬ ನೀರಿನ ಕೊಳವೆಯ ಕಡೆಗೆ ಓಡಿದ್ದನ್ನು ಅವರು ಇಂದಿಗೂ ಹೇಳಿಕೊಂಡು ನಗುತ್ತಾರಂತೆ. ರೊಟ್ಟಿಯೊಂದೂ ಉಳಿಯಲಿಲ್ಲ.

ಊರಿಗೆ ಮರಳಿದ ಮೇಲೆ ನಾವು ಮಾಡಿದ್ದು ಹೆಚ್ಚೇನಿಲ್ಲ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದು 66 ಅಗ್ನಿಶಾಮಕರು ಪ್ರಾಣತೆತ್ತ ನೆನಪಿಗಾಗಿ ನಮ್ಮ ದೇಶದಲ್ಲಿ ಪ್ರತಿವರ್ಷ ಅಂದಿನಿಂದ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಅಂದೇ ಅಂಬೇಡ್ಕರ್ ಜಯಂತಿ. ಎಲ್ಲರಿಗೂ ರಜೆ, ದಳದವರಿಗಿಲ್ಲ. 2024ರಲ್ಲಿ ಆ ದಿನ ನಮ್ಮ ಓಣಿಯ ಅಕ್ಕನ ಬಳಗದವರೂ ನಾವೂ ಕೂಡಿ ಗೋಧಿ ಹುಗ್ಗಿ ಮಾಡಿಸಿಕೊಂಡು ನಮ್ಮೂರ ಠಾಣೆಗೆ ಹೋದೆವು. ಠಾಣೆಯವರಿಗೆ ಆಶ್ಚರ್ಯ, ಬೆಂಕಿ ಬೀಳದೆ ಯಾರೂ ಅಲ್ಲಿಗೆ ಬರುವುದಿಲ್ಲವಂತೆ. ಅಳಿಯಂದಿರ ಸಂಘದ ಫೋಟೋಗಳನ್ನು ತೋರಿಸಿದೆವು. ಬೆಂಗಳೂರಿನಲ್ಲಿ 2015ರಲ್ಲಿ ಬಂದ ಬೈಕ್ ಆಂಬುಲೆನ್ಸುಗಳ ಮಾತು ಬಂತು, ಶ್ರೀಶೈಲದ ಮಾತು ಬಂತು. ಪ್ರತಿವರ್ಷ ಕಂಬಿಯೊಡನೆ ನಡೆಯುವ ಚಾಲಕರೊಬ್ಬರು ಅಲ್ಲಿದ್ದರು. ಒಬ್ಬ ತರುಣ ಸಿಬ್ಬಂದಿ ಫೋಟೋದಲ್ಲಿಯ ಗಾಡಿಯನ್ನೇ ದಿಟ್ಟಿಸುತ್ತಿದ್ದವನು, “ಅಜ್ಜಾರ, ಇದು ಲೀಟರಿಗೆ ಎಷ್ಟು ಕೊಡ್ತೈತ್ರಿ?” ಎಂದು ಕೇಳಿದ. ನಾವು ಉತ್ತರಿಸುವ ಮುನ್ನವೇ ಫೋನು ಬಾರಿಸಿತು. ಹಳ್ಳಿಯೊಂದರಲ್ಲಿ ಮೇವಿನ ಬಣವೆಗೆ ಬೆಂಕಿ. ಕೈತೊಳೆಯಲೂ ಬಿಡುವಿಲ್ಲದೆ ಎಲ್ಲರೂ ವಾಹನ ಏರಿದರು.

ಹುಗ್ಗಿಯ ತಟ್ಟೆಗಳನ್ನು ಮುಚ್ಚಿಟ್ಟು, ನೊಣ ಬಾರದಂತೆ ಮೇಲೆ ಬಟ್ಟೆ ಹೊದಿಸಿ ನಾವು ಮನೆಗೆ ಬಂದೆವು. ರಾತ್ರಿ ಅಳಿಯಂದಿರನ್ನು ಕೇಳಿ, ಮರುದಿನ ಠಾಣೆಗೆ ಹೇಳಿ ಕಳಿಸಿದೆವು: ಲೀಟರಿಗೆ 18 ಕಿಲೋಮೀಟರಂತೆ.